ಹುಣಸಿಬೀಜದ ಲೆಕ್ಕ

ಸುಟ್ಟ ಸ್ಟೆಬಿಲೈಸರ್ ಒಂದನ್ನ
ತೂಕದ ಲೆಕ್ಕದಾಗ ತಂದಿದ್ದ ಬುಡನಸಾಬ,
ಗದಗ ಸ್ಟೇಷನ್ ಹಿಂದಿನ ಗುಜರಿಯಿಂದ.
ಬೆಟಗೇರಿಯ ನಮ್ಮ ಪಡಸಾಲ್ಯಾಗ ಕುಂತು
ಅದರ ಹೊಟ್ಟಿ ಬಗದ,
ಒಂದೊಂದ ಪಟ್ಟಿ ಕಿತ್ತು ಸೀಮೆಎಣ್ಣ್ಯಾಗ ತೊಳದ.
ಇಂಗ್ಲಿಷ್ ಸಾಲಿ ಕಟ್ಟಿ ಹತ್ತದ ನಾನು
ಅವತ್ತ ಕಲತದ್ದು ಎರಡ ಅಕ್ಷರ:
ಮೂರ ಹಲ್ಲಿನದು 'ಇ', ಹಲ್ಲಿಲ್ಲದ್ದು 'ಐ'.

ಕರೆಂಟ್ ಹೋದರ ಮಗ್ಗ ಕುರುಡು.
ಸಂಜಿ ಏಳಕ್ಕ ಹೋದದ್ದು ಹತ್ತಕ್ಕ ಬರತಿತ್ತು.
ಕಂದೀಲ ಬೆಳಕಿನಾಗ ಗಿಣಿಹಸಿರೂ
ಕಡುನೀಲಿಯೂ ಒಂದ ಜಾತಿ,
ಅಪ್ಪ ಎರಡ ಸೀರಿ ಹಂಗ ಕೆಡಿಸಿದ್ದ.
ಬುಡನಸಾಬನ ಮೈಕ್‌ಸೆಟ್ಟಿನ ಬ್ಯಾಟರಿ,
ಗೇಣುದ್ದ ಒಂದ ಟ್ಯೂಬು, ಅಷ್ಟ ಸಾಕು.
ತುಂಬಸಾಕ ಅದನ್ನ ದಿನಾ ರೈಲ್ವೆ ಗೇಟಿನ ತನಕ
ಯಾರು ಹೊರಬೇಕು?
"ನಾವ ಸುತ್ತೋಣ," ಅಂದ ಬುಡನಸಾಬ.
ಸುತ್ತಾಕ ನಮ್ಮನ್ಯಾಗ ಇದ್ದಾಕಿ ಶಾಕವ್ವಾಯಿ.

ಕಂಡಿಕಿ ಸುತ್ತೋ ರಾಟಿ,
ಆಕಿ ಗಂಡನ ಮನಿಗೆ ಬಂದಾಗಿನದು.
ದಾರ ಬಿಚ್ಚಿ, ಕದರಿಗೆ ರಟ್ಟಿನ ಫಾರ್ಮಾ ಸಿಗಿಸಿ,
ಕೈಲೆ ತಿರುವಿದಳು.
"ವೋಲ್ಟಿಗೆ ನಾಕ ಸುತ್ತು, ಆಯಿ.
ಇನ್ನೂರಾ ಮೂವತ್ತಕ್ಕ ಒಂಬೈನೂರಾ ಇಪ್ಪತ್ತು.
ಹೆಚ್ಚಿಲ್ಲ, ಕಮ್ಮಿಲ್ಲ."
"ನೂಲಾಗಿದ್ರ ನಾ ಎಣಸತಿದ್ದಿಲ್ಲಪಾ," ಅಂದಳು.
ಎಣಸಾಕ ನನ್ನ ಕೂರಿಸಿದ್ರು.
ನೂರಕ್ಕೊಂದು ಹುಣಸಿಬೀಜ.

ಮುನ್ನೂರು ದಾಟಿದ ಮ್ಯಾಲ ಆಕಿ ಬೆರಳು ನಿಂತ್ವು.
"ಇಲ್ಲಿ ಮೈ ಕಿತ್ತೈತಿ."
ಬುಡನಸಾಬ ಕನ್ನಡಕ ಏರಿಸಿ ನೋಡಿದ, ಏನಿಲ್ಲ.
ಭೂತಗನ್ನಡಿ ಹಿಡದ. ಆಗ ಕಂಡಿತು,
ಇರುವಿ ಕಣ್ಣಷ್ಟು, ವಾರ್ನಿಷ್ ಹೋದ ತಾಮ್ರ.
ಆಯಿ ಸೆರಗಿನ ಅಂಚಿನಿಂದ
ಒಂದ ಕೆಂಪ ರೇಷ್ಮಿ ಎಳಿ ಕಿತ್ತು
ಗಾಯಕ್ಕ ಸುತ್ತಿ ಹಂಗ ಮುಂದಕ್ಕ ಹೋದಳು.

ಬೀಜ ಹುರದಿದ್ವು. ಅದ ತಪ್ಪಾತು.
ಐದರದೋ ಆರರದೋ ಹೊತ್ತಿಗೆ
ಇಟ್ಟ ಬೀಜ ಒಂದು ನನ್ನ ದವಡಿಗೆ ಹೋತು.
ಕಟಂ ಅಂದಿತು.
ಮಗ್ಗದ ಸಪ್ಪಳದಾಗ ಯಾರಿಗೆ ಕೇಳಬೇಕು?

ಮ್ಯಾಲಿನ ಸುತ್ತು ದಪ್ಪ ತಂತಿಲೆ ಅರವತ್ತು,
ಅದನ್ನ ಬುಡನಸಾಬ ತಾನ ಸುತ್ತಿದ.
ಪಟ್ಟಿ ತುಂಬಿ, ವಾರ್ನಿಷಿನಾಗ ಅದ್ದಿ,
ಮೂರ ದಿನ ಮಾಳಿಗಿ ಮ್ಯಾಲ ಬಿಸಲಿಗಿಟ್ಟ.
ನಡುವ ನೂರ ವ್ಯಾಟಿನ ಬಲ್ಬು ಹಾಕಿ
ಪಿನ್ನು ಚುಚ್ಚಿದಾಗ ನಾವೆಲ್ಲ ಹೊಸ್ತಿಲದಾಚೆ.
ಬಲ್ಬು ಝಗ್ ಅಂದ್ರ ದುಡ್ಡು ನೀರಾಗ.
ಅದು ಹತ್ತಲಿಲ್ಲ. ಒಳಗಿನ ತಂತಿ ಮಾತ್ರ
ಆರೋ ಬೀಡಿಯಂಗ ಕೆಂಪಾತು.
ಪೆಟ್ಟಿಗಿ ದುಂಬಿಯಂಗ ಗುಂಯ್‌ಗುಟ್ಟಿತು.
ಬುಡನಸಾಬ "ಯಾ ಅಲ್ಲಾ" ಅಂದ,
ಆಯಿ "ತಾಯಿ ಬನಶಂಕ್ರಿ" ಅಂದಳು,
ಅಪ್ಪ ಏನೂ ಅನ್ನದ ಮಗ್ಗಕ್ಕ ಹೋದ.

ಆದ್ರ ಬ್ಯಾಟರಿ ತುಂಬೋದು ಭಾಳ ಸಾವಕಾಶ,
ಇಡೀ ರಾತ್ರಿ ಬೇಕು.
ಬುಡನಸಾಬ ಕೆ.ಇ.ಬಿ.ಯವರ ವೋಲ್ಟೇಜಿಗೆ ಬೈದ,
ಡಯೋಡು ಕೊಟ್ಟ ಹುಬ್ಬಳ್ಳಿ ಅಂಗಡ್ಯಾಂವಗ ಬೈದ.
ನಾ ಕೌದಿಯೊಳಗ ಸುಮ್ಮನಿದ್ದೆ.
ಕತ್ತಲಾಗ ಆಸಿಡ್ಡು ಸಣ್ಣಗ ಗುಳುಗುಳು,
ಪೆಟ್ಟಿಗಿ ಮ್ಯಾಲ ಬೆಕ್ಕು.
ಬ್ಯಾಟರಿ ಒಮ್ಮೆಯೂ ಕುದಿಲಿಲ್ಲ.
ಎರಡ ವರ್ಷಕ್ಕ ಸಾಯೂ ಜೀವ ಏಳ ವರ್ಷ ಬಾಳಿತು.
"ನನ್ನ ಕೈಗುಣ," ಅಂತ ಓಣಿ ತುಂಬ ಹೇಳಿದ ಬುಡನಸಾಬ.
ಕಡೀಗೊಂದು ರಾತ್ರಿ ಆ ಬೆಕ್ಕ ಉಚ್ಚಿ ಹೊಯ್ದು
ಷಾರ್ಟಾತು.

ಅಟ್ಟದ ಮ್ಯಾಲಿದ್ದದ್ದನ್ನ ಇವತ್ತ ಬಿಚ್ಚಾಕ ಹತ್ತೇನಿ.
ನನ್ನ ವೈಂಡಿಂಗ್ ಅಂಗಡಿ ಮುಂದ
ಪಂಪಿನ ಮೋಟರು ಸಾಲಗಟ್ಟ್ಯಾವು. ಇರಲಿ.
ಏಳನೂರಾ ಎಂಟಕ್ಕ ಕೆಂಪ ಎಳಿ ಬಂತು,
ಬಣ್ಣ ಹಂಗ ಐತಿ.
ಮುಂದ ಮುನ್ನೂರಾ ಹನ್ನೆರಡು.
ಕೂಡಿಸಿದೆ. ಎರಡ ಸಲ ಕೂಡಿಸಿದೆ.
ಸಾವಿರದಾ ಇಪ್ಪತ್ತು.

ಆಯಿ ಇಲ್ಲ. ಬುಡನಸಾಬಗ ಕಿವಿ ಇಲ್ಲ.
ಸಂಜಿಮುಂದ ಅವನ ಮನಿಗೆ ಹೋಗಿ
ಕಿವಿಗೆ ಬಾಯಿ ಹಚ್ಚಿ ಒದರಿದೆ:
"ಹುಣಸಿಬೀಜ! ನಾನ ತಿಂದದ್ದು!"
"ಹೌದಪಾ," ಅಂದ, "ಈ ವರ್ಷ ಹುಣಸಿ ಭಾಳ ತುಟ್ಟಿ."

ರಾತ್ರಿ ಹೊಸ ತಂತಿ ಏರಿಸೇನಿ.
ಹತ್ತು ಬೀಜ, ಮ್ಯಾಲ ಇಪ್ಪತ್ತು.